ಸಾವಿರ ಕಣ್ಣುಗಳಿಂದ ಸಂಶೋಧನೆ ಮಾಡಿಸುವುದು ಹೇಗೆ?

ಲಕ್ಷಗಟ್ಟಲೆ ಚಿತ್ರಗಳೋ ಧ್ವನಿಮುದ್ರಣಗಳೋ ಹಳೆಯ ಕೈಬರಹದ ದಾಖಲೆಗಳೋ ರಾಶಿ ಬಿದ್ದಿವೆ, ನೋಡುವವರು ಮೂವರೇ. ಹೀಗಿದ್ದಾಗ ಸಾರ್ವಜನಿಕರ ನೆರವು ಕೇಳುವುದು ಈಗ ವಿಜ್ಞಾನದಲ್ಲಿ ಮಾಮೂಲು. ‘ಬನ್ನಿ, ಕೈಜೋಡಿಸಿ’ ಎಂದರೆ ಜನ ಬಂದೇ ಬರುತ್ತಾರೆ. ಬಂದವರ ಕೈಗೆ ಏನು ಕೊಡಬೇಕು ಎಂಬಲ್ಲೇ ಹೆಚ್ಚಿನ ಯೋಜನೆಗಳು ಎಡವುವುದು.

ಮೊದಲು: ಜನ ಬೇಕೇ?

ಯಂತ್ರ ಸಲೀಸಾಗಿ ಮಾಡುವ ಕೆಲಸಕ್ಕೆ ಮನುಷ್ಯರನ್ನು ಹಚ್ಚಬೇಡಿ. ಅವರು ಕೊಡುವುದು ತಮ್ಮ ಬಿಡುವಿನ ವೇಳೆಯನ್ನು. ಖಗೋಳ ವಿಜ್ಞಾನಿ ಕೆವಿನ್ ಶವಿನ್‌ಸ್ಕಿ ಸುಮಾರು 50,000 ಗ್ಯಾಲಕ್ಸಿಗಳ ಚಿತ್ರಗಳನ್ನು ಒಬ್ಬರೇ ಕೂತು ವಿಂಗಡಿಸಿ ಹೈರಾಣಾಗಿದ್ದರು. ಉಳಿದದ್ದು ಲಕ್ಷಗಟ್ಟಲೆ. ಆಕಾರ ಗುರುತಿಸುವುದರಲ್ಲಿ ಆಗಿನ ತಂತ್ರಾಂಶಗಳು ಮನುಷ್ಯನ ಕಣ್ಣಿಗೆ ಸಾಟಿಯಾಗಿರಲಿಲ್ಲ. ಈ ಚಿತ್ರಗಳನ್ನು ಸಾರ್ವಜನಿಕರಿಂದಲೇ ವಿಂಗಡಿಸುವ ‘ಗ್ಯಾಲಕ್ಸಿ ಝೂ’ ಜಾಲತಾಣ 2007ರ ಜುಲೈನಲ್ಲಿ ಶುರುವಾದದ್ದು ಹೀಗೆ. ಮೊದಲ ವರ್ಷದಲ್ಲೇ ಲಕ್ಷಕ್ಕೂ ಹೆಚ್ಚು ಜನ ಸೇರಿ 5 ಕೋಟಿಗೂ ಹೆಚ್ಚು ಬಾರಿ ತೀರ್ಪು ಕೊಟ್ಟರು.

ಎರಡನೆಯದು: ಪ್ರಶ್ನೆಯನ್ನು ಕೊಚ್ಚಿ

‘ಇದು ಯಾವ ಬಗೆಯ ಗ್ಯಾಲಕ್ಸಿ?’ ಎಂದು ಕೇಳಿದರೆ ಉತ್ತರಿಸಲು ಪಾಠ ಓದಬೇಕು. ‘ಉರುಟಾಗಿದೆಯೇ, ಸುರುಳಿಯಾಗಿದೆಯೇ? ಸುರುಳಿ ಯಾವ ಕಡೆಗೆ ತಿರುಗಿದೆ?’ ಎಂದರೆ ಕಣ್ಣಿದ್ದರೆ ಸಾಕು. ಕಾಣುವುದನ್ನು ಕೇಳಿ, ಅರ್ಥ ಹಚ್ಚುವುದನ್ನು ನೀವೇ ಇಟ್ಟುಕೊಳ್ಳಿ. ‘ಗೊತ್ತಾಗುತ್ತಿಲ್ಲ’ ಎಂಬ ಗುಂಡಿ ಇರಲೇಬೇಕು. ಇಲ್ಲದಿದ್ದರೆ ಜನ ಊಹಿಸುತ್ತಾರೆ, ಆ ಊಹೆ ನಿಮ್ಮ ದತ್ತಾಂಶದೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಹೊರಗೆ ಹೋಗಿ ಎಣಿಸುವ ಕೆಲಸವಾದರೆ ಇನ್ನೊಂದು ಪ್ರಶ್ನೆ ಬೇಕು. ಕಂಡ ಹಕ್ಕಿಗಳನ್ನು ದಾಖಲಿಸಲೆಂದು 2002ರಲ್ಲಿ ಆರಂಭವಾದ ‘ಇ-ಬರ್ಡ್’ ಜಾಲತಾಣ ಹಕ್ಕಿ ವೀಕ್ಷಕರನ್ನು, ‘ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಪಟ್ಟಿಗೆ ಸೇರಿಸಿದ್ದೀರಾ?’ ಎಂದು ಕೇಳುತ್ತದೆ. ‘ಹೌದು’ ಎಂಬ ಉತ್ತರ ಬಂದರೆ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಮಾಹಿತಿಯೇ ಆಗುತ್ತದೆ: ಅದು ಅಲ್ಲಿ ಅವರ ಕಣ್ಣಿಗೆ ಬೀಳಲಿಲ್ಲ ಎಂದರ್ಥ.

ಮೂರನೆಯದು: ಒಂದೇ ಚಿತ್ರ, ಹಲವು ಕಣ್ಣು

ಒಬ್ಬರ ತೀರ್ಪನ್ನು ನಂಬಬೇಡಿ, ಅವರು ಪ್ರೊಫೆಸರರೇ ಆಗಿರಲಿ. ಒಂದೇ ಚಿತ್ರವನ್ನು ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ ಹಲವರಿಗೆ ತೋರಿಸಿ. ನಡುನಡುವೆ ಉತ್ತರ ಗೊತ್ತಿರುವ ಚಿತ್ರಗಳನ್ನೂ ಸೇರಿಸಿ. ಯಾರ ಕಣ್ಣು ಎಷ್ಟು ಚುರುಕು ಎಂದು ಅದರಿಂದ ತಿಳಿಯುತ್ತದೆ.

ಆದರೆ ಎಲ್ಲರೂ ಒಂದೇ ಕಡೆಗೆ ವಾಲಿದರೆ ಬಹುಮತವೂ ಕಾಪಾಡುವುದಿಲ್ಲ. ಗ್ಯಾಲಕ್ಸಿ ಝೂನಲ್ಲಿ ಅಪ್ರದಕ್ಷಿಣವಾಗಿ ತಿರುಗುವ ಸುರುಳಿಗಳೇ ಹೆಚ್ಚು ಎಂಬ ಲೆಕ್ಕ ಬಂತು. ವಿಶ್ವಕ್ಕೇ ಒಂದು ದಿಕ್ಕಿನ ಒಲವಿದೆಯೇ? ತಂಡ ಆತುರಪಡಲಿಲ್ಲ. ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾದ ಚಿತ್ರಗಳನ್ನು ಜನರ ಮುಂದಿಟ್ಟಿತು. ಒಲವು ಆಕಾಶದ್ದಾಗಿದ್ದರೆ ಈ ಸಲ ಪ್ರದಕ್ಷಿಣದ ಸುರುಳಿಗಳು ಹೆಚ್ಚಾಗಬೇಕಿತ್ತು. ಆಗಲೂ ಅಪ್ರದಕ್ಷಿಣವೇ ಗೆದ್ದಿತು! ದೋಷ ಆಕಾಶದ್ದಲ್ಲ, ನೋಡುವವರದ್ದು. ನನ್ನ ಮಟ್ಟಿಗೆ ಈ ಇಡೀ ಪದ್ಧತಿಯಲ್ಲಿ ಇದಕ್ಕಿಂತ ಜಾಣ ಪರೀಕ್ಷೆ ಇನ್ನೊಂದಿಲ್ಲ, ಖರ್ಚೂ ಕಡಿಮೆ. ನಿಮ್ಮ ಯೋಜನೆಗೂ ಇಂಥದ್ದೊಂದನ್ನು ಆರಂಭದಲ್ಲೇ ಯೋಚಿಸಿಡಿ.

ನಾಲ್ಕನೆಯದು: ‘ಇದೇನಿದು?’ ಎನ್ನಲು ಜಾಗ ಕೊಡಿ

ಗುಂಡಿಗಳಷ್ಟೇ ಇದ್ದರೆ ನೀವು ಕೇಳಿದ್ದು ಮಾತ್ರ ಸಿಗುತ್ತದೆ. ನೆದರ್ಲೆಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ 2007ರಲ್ಲಿ ಗ್ಯಾಲಕ್ಸಿಯೊಂದರ ಪಕ್ಕದಲ್ಲಿ ವಿಚಿತ್ರ ಕಲೆಯೊಂದನ್ನು ಕಂಡು, ಇದೇನೆಂದು ವಿಚಾರಿಸಿದರು. ತಜ್ಞರಿಗೂ ಗೊತ್ತಿರಲಿಲ್ಲ. ಅದು ಬೃಹತ್ ಅನಿಲದ ಮೋಡ. ಪಕ್ಕದ ಗ್ಯಾಲಕ್ಸಿಯ ಕೇಂದ್ರ ಹಿಂದೊಮ್ಮೆ ಪ್ರಖರವಾಗಿ ಉರಿದಾಗ ಚೆಲ್ಲಿದ ಬೆಳಕಿನಿಂದ ಹೊಳೆಯುತ್ತಿತ್ತು. ಸ್ವಯಂಸೇವಕರ ಮಾತುಕತೆಯನ್ನು ದಿನವೂ ಓದುವ ಒಬ್ಬ ಸಂಶೋಧಕ ತಂಡದಲ್ಲಿರಲಿ.

ಕೊನೆಯದು: ಹೆಸರು

ಹೆಸರು ಹಾಕುವ ವಿಷಯದಲ್ಲಿ ಜಿಪುಣತನ ಬೇಡ. ಪ್ರೋಟೀನ್ ಅಣುವನ್ನು ಪರದೆಯ ಮೇಲೆ ಮಡಚಿ ಅದರ ಆಕಾರ ಹುಡುಕುವ ‘ಫೋಲ್ಡಿಟ್’ ಎಂಬ ಕಂಪ್ಯೂಟರ್ ಆಟದ ಆಟಗಾರರು, ವಿಜ್ಞಾನಿಗಳನ್ನು ದಶಕಕ್ಕೂ ಹೆಚ್ಚು ಕಾಲ ಕಾಡಿದ್ದ ವೈರಸ್ ಕಿಣ್ವವೊಂದರ ರಚನೆಯನ್ನು ವಾರಗಳಲ್ಲಿ ಬಿಡಿಸಲು ನೆರವಾದರು. ಅದನ್ನು ವರದಿ ಮಾಡಿದ 2011ರ ಪ್ರಬಂಧದಲ್ಲಿ ಆಟಗಾರರ ತಂಡಗಳ ಹೆಸರುಗಳು ಲೇಖಕರ ಸಾಲಿನಲ್ಲೇ ಇವೆ. ಹೆಸರು ಹಾಕಬಹುದೇ, ಯಾವ ಹೆಸರು ಎಂದು ನೋಂದಣಿಯ ಹೊತ್ತಿಗೇ ಕೇಳಿಟ್ಟುಕೊಳ್ಳಿ. ಪ್ರಬಂಧ ಅಚ್ಚಿಗೆ ಹೊರಟಾಗ ಸಾವಿರಾರು ಜನರನ್ನು ಹುಡುಕಿ ಒಪ್ಪಿಗೆ ಪಡೆಯಲು ಆಗುವುದಿಲ್ಲ.