ಡಿ850 ಬೇರೆ, 850ಡಿ ಬೇರೆ: ಕ್ಯಾಮೆರಾ ಹೆಸರು ಓದುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಜಾಹೀರಾತಿನಲ್ಲಿ ‘850 ಕ್ಯಾಮೆರಾ ಮಾರಾಟಕ್ಕಿದೆ’ ಅಂತ ಕಂಡರೆ ಮೊದಲು ಕಂಪನಿ ಯಾವುದು ಅಂತ ಕೇಳಿ. ನಿಕಾನ್ ಡಿ850 ಬಂದಿದ್ದು 2017ರಲ್ಲಿ. ಅದು ವೃತ್ತಿಯವರು ಬಳಸುವ 45 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾ. ಕ್ಯಾನನ್ 850ಡಿ ಬಂದಿದ್ದು 2020ರಲ್ಲಿ, ಹೊಸದಾಗಿ ಕಲಿಯುವವರಿಗೆ. ಅದು 24 ಮೆಗಾಪಿಕ್ಸೆಲ್‌ನದು. ಎರಡರ ಬೆಲೆಗೂ ಬಹಳ ಅಂತರವಿದೆ. ಎಷ್ಟೋ ತಿಂಗಳು ದುಡ್ಡು ಕೂಡಿಟ್ಟು ಮೊದಲ ಕ್ಯಾಮೆರಾ ಕೊಳ್ಳುವವರು ಇಂಥ ಕಡೆ ಎಡವಬಾರದು.

ಮೊದಲು ಸೆನ್ಸರ್ ಅಳತೆ ತಿಳಿಯಿರಿ

ಕ್ಯಾಮೆರಾ ಒಳಗೆ ಬೆಳಕು ಹಿಡಿದು ಚಿತ್ರ ಮೂಡಿಸುವ ಭಾಗವೇ ಸೆನ್ಸರ್. ಫುಲ್ ಫ್ರೇಮ್ ಅಂದರೆ ಆ ಸೆನ್ಸರ್ 36×24 ಮಿಲಿಮೀಟರ್. ಎಪಿಎಸ್-ಸಿ ಅದಕ್ಕಿಂತ ಚಿಕ್ಕದು, ಸುಮಾರು 23×15. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕತ್ತಲಾದ ಮೇಲೆ ಫೋಟೊ ತೆಗೆಯುವವರಿಗೆ ಫುಲ್ ಫ್ರೇಮ್ ಅನುಕೂಲ, ಚಿತ್ರದಲ್ಲಿ ಕಾಳುಕಾಳು ಕಡಿಮೆ. ಜಕ್ಕೂರು ಕೆರೆಯ ಹೆಜ್ಜಾರ್ಲೆಯ ಹಿಂದೆ ಬಿದ್ದವರಿಗೆ ಎಪಿಎಸ್-ಸಿ ಸಾಕು. ಅದೇ ಲೆನ್ಸ್‌ನಲ್ಲಿ ಹಕ್ಕಿ ಇನ್ನಷ್ಟು ಹತ್ತಿರ ಕಾಣುತ್ತದೆ.

ಈಗ ಅಂಕಿ ನೋಡಿ

ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಅಂಕಿ ಕಡಿಮೆಯಾದಷ್ಟೂ ದರ್ಜೆ ಜಾಸ್ತಿ. 1500ಡಿ ಕೆಳಗೆ, ಅದರ ಮೇಲೆ 850ಡಿ, ಆಮೇಲೆ 90ಡಿ, ಇನ್ನೂ ಮೇಲೆ 5ಡಿ. ಆ ಕನ್ನಡಿ ಇಲ್ಲದ ಮಿರರ್‌ಲೆಸ್‌ನಲ್ಲೂ ಹೆಚ್ಚುಕಡಿಮೆ ಹೀಗೇ: ಆರ್100, ಆರ್50, ಆರ್10 ಕೆಳಗಿನವು, ಆರ್1 ಎಲ್ಲಕ್ಕಿಂತ ಮೇಲೆ. ಆದರೆ ಒಂದು ಕಡೆ ಹುಷಾರಾಗಿರಬೇಕು. ಆರ್7 ಎಪಿಎಸ್-ಸಿ, ಆರ್8 ಫುಲ್ ಫ್ರೇಮ್. ಸೆನ್ಸರ್ ಮೊದಲು ನೋಡಿ ಅಂದಿದ್ದು ಇದಕ್ಕೇ.

ನಿಕಾನ್ ಮಿರರ್‌ಲೆಸ್‌ನದು ಉಲ್ಟಾ ಲೆಕ್ಕ. ಅಲ್ಲಿ ಝಡ್5ರಿಂದ ಮೇಲೆ ಹತ್ತಿದರೆ ತುದಿಯಲ್ಲಿ ಝಡ್9. ಆದರೆ ಝಡ್30, ಝಡ್50 ಎರಡೂ ಎಪಿಎಸ್-ಸಿ, ಝಡ್5ಕ್ಕಿಂತ ಕೆಳಗೆ. ಫ್ಯೂಜಿಯಲ್ಲಿ ಎಕ್ಸ್-ಟಿ5ಕ್ಕಿಂತ ಎಕ್ಸ್-ಟಿ50 ಹೊಸದು, ಆದರೂ ಒಂದು ಮೆಟ್ಟಿಲು ಕೆಳಗೆ. ಹಾಗಾಗಿ ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಲೇಬೇಡಿ.

ಅಂಕಿ ಬೇರೆ, ವಯಸ್ಸು ಬೇರೆ

ಜನ ಹೆಚ್ಚು ಗೊಂದಲಪಡುವುದು ಸೋನಿ 6000 ಸಾಲಿನಲ್ಲಿ. ಎ6300, ಎ6500 ಎರಡೂ 2016ರವು. ಎ6100 ಬಂದಿದ್ದು 2019ರಲ್ಲಿ. ಅಂಕಿ ಚಿಕ್ಕದು, ಕ್ಯಾಮೆರಾ ಹೊಸದು! ಎ6300ಗೆ ಲೋಹದ ಬಾಡಿ, ಉತ್ತಮ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇದೆ. ಎ6100ರ ಆಟೊಫೋಕಸ್ ಹೊಸ ಕಾಲದ್ದು, ಓಡಾಡುವವರ ಕಣ್ಣನ್ನು ಬಿಡದೆ ಹಿಡಿಯುತ್ತದೆ. ಮನೆಯಲ್ಲಿ ಓಡುವ ಮಗು ಇದ್ದರೆ ನಾನು ಎ6100 ತಗೊಳ್ಳಿ ಅಂತಲೇ ಹೇಳುತ್ತೇನೆ.

ಕ್ಯಾನನ್ ತಲೆಮಾರನ್ನು ‘ಮಾರ್ಕ್ 2’ ಅಂತ ಬರೆಯುತ್ತದೆ. ಸೋನಿ ಎ7 ಸಾಲಿನ ಪೆಟ್ಟಿಗೆ ಮೇಲೆ ‘7ಎಂ4’ ಅಂತಿದ್ದರೆ ಅದು ಎ7ನ ನಾಲ್ಕನೇ ತಲೆಮಾರು. ಎ7 ಜೊತೆ ‘ಆರ್’ ಇದ್ದರೆ ಮೆಗಾಪಿಕ್ಸೆಲ್ ಜಾಸ್ತಿ. ‘ಎಸ್’ ಇದ್ದರೆ ಕಡಿಮೆ ಬೆಳಕಿಗೂ ವಿಡಿಯೊಗೂ ಒಳ್ಳೆಯದು. ‘ಸಿ’ ಅಂದರೆ ಪುಟ್ಟ ಬಾಡಿ.

ಅಮೆರಿಕದಿಂದ ತರಿಸುವುದಾದರೆ

ನಮ್ಮ ಊರಿನಲ್ಲಿ ಇದು ಮಾಮೂಲಿ ಅಲ್ವಾ? ಅಲ್ಲಿ ಹೆಸರೇ ಬೇರೆ. ಇಲ್ಲಿನ 850ಡಿ ಅಲ್ಲಿ ರೆಬೆಲ್ ಟಿ8ಐ, ಜಪಾನಿನಲ್ಲಿ ಕಿಸ್ ಎಕ್ಸ್10ಐ. ಇಲ್ಲಿನ 1500ಡಿ ಅಲ್ಲಿ ರೆಬೆಲ್ ಟಿ7. ಕ್ಯಾಮೆರಾ ಒಂದೇ, ಆದರೆ ವಾರಂಟಿ ಇಲ್ಲಿಯೂ ನಡೆಯುತ್ತದಾ ಅಂತ ಮೊದಲೇ ವಿಚಾರಿಸಿ. ಬಳಸಿದ ಕ್ಯಾಮೆರಾ ಮೇಲೆ ‘ರೆಬೆಲ್’ ಅಂತ ಬರೆದಿದ್ದರೆ ಅದು ಹೊರಗಿನಿಂದ ಬಂದದ್ದು ಅಂತ ಗೊತ್ತಾಗುತ್ತದೆ.

ಕೊನೆಯ ಅಕ್ಷರ, ಬಿಲ್‌ಗೆ ಮುಂಚೆ

ಸೋನಿ 6400ರ ಮಾಡೆಲ್ ನಂಬರಿನ ಕೊನೆಗೆ ‘ಎಲ್’ ಇದ್ದರೆ ಜೊತೆಗೆ 16-50 ಮಿಲಿಮೀಟರ್ ಜೂಮ್ ಲೆನ್ಸ್ ಬರುತ್ತದೆ, ‘ಎಂ’ ಇದ್ದರೆ 18-135. ಅಕ್ಷರವೇ ಇಲ್ಲದಿದ್ದರೆ ಲೆನ್ಸ್ ಇಲ್ಲದ ಬರೀ ಬಾಡಿ. ಎರಡು ಅಂಗಡಿಯ ಬೆಲೆ ಹೋಲಿಸುವಾಗ ಈ ಅಕ್ಷರವೂ ಒಂದೇ ಇರಬೇಕು. ಲೆನ್ಸ್ ಹೆಸರನ್ನೂ ಬಿಡಬೇಡಿ. ಎಪಿಎಸ್-ಸಿಗೆ ಅಂತ ಮಾಡಿದ ಕ್ಯಾನನ್ ಇಎಫ್-ಎಸ್ ಲೆನ್ಸ್ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ. ಮುಂದೆ ಫುಲ್ ಫ್ರೇಮ್‌ಗೆ ಹೋಗುವ ಆಸೆ ಇದ್ದರೆ ಲೆನ್ಸ್ ಕೊಳ್ಳುವಾಗಲೇ ಈ ಮಾತು ಅಂಗಡಿಯವರ ಹತ್ತಿರ ಎತ್ತಿ.