ಪುಕ್ಕಟೆ ಸಿಗುವುದರಲ್ಲಿ ನಿಜಕ್ಕೂ ದುಡ್ಡು ಉಳಿಸುವುದು ಯಾವುದು? ನನ್ನ ಅನುಭವ

ಪುಕ್ಕಟೆ ಏನೇನು ಸಿಗುತ್ತದೆ ಎಂದು ಹುಡುಕಲು ಕೂತರೆ ಮನೆ ತುಂಬುತ್ತದೆಯೇ ಹೊರತು ದುಡ್ಡು ಉಳಿಯುವುದಿಲ್ಲ. ಅದಕ್ಕೇ ನಾನು ಮೊದಲು ಒಂದು ಪಟ್ಟಿ ಮಾಡಿಕೊಳ್ಳುತ್ತೇನೆ: ಮುಂದಿನ ಮೂರು ತಿಂಗಳಲ್ಲಿ ಹೇಗಿದ್ದರೂ ದುಡ್ಡು ಕೊಟ್ಟು ತರಲೇಬೇಕಾದ ವಸ್ತುಗಳು, ಕಟ್ಟಲೇಬೇಕಾದ ಚಂದಾಗಳು. ಆಮೇಲೆ ಒಂದೊಂದನ್ನೇ ಹಿಡಿದು, ಇದು ಉಚಿತವಾಗಿ ಎಲ್ಲಿ ಸಿಕ್ಕೀತು ಎಂದು ನೋಡುತ್ತೇನೆ. ಪಟ್ಟಿಯಲ್ಲಿ ಇಲ್ಲದ ವಸ್ತು ಎಷ್ಟೇ ಚೆನ್ನಾಗಿರಲಿ, ಅದನ್ನು ತಂದರೆ ಬಿಡಿಗಾಸೂ ಉಳಿದಂತಲ್ಲ. ಅದಕ್ಕೆ ಖರ್ಚು ಮಾಡುವ ಯೋಚನೆಯೇ ಇರಲಿಲ್ಲವಲ್ಲ.

ಪಟ್ಟಿ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ಶಾಂಪಾನಿಯರ್, ಮಜಾರ್, ಏರಿಯಲಿ ಎಂಬ ಮೂವರು ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಣಬಹುದು. ಒಳ್ಳೆಯ ಚಾಕೊಲೇಟಿಗೆ 15 ಸೆಂಟ್, ಸಾಧಾರಣದ್ದಕ್ಕೆ 1 ಸೆಂಟ್ ಇಟ್ಟಾಗ, ಕೊಂಡವರಲ್ಲಿ ಶೇ. 73ರಷ್ಟು ಜನ ಒಳ್ಳೆಯದನ್ನೇ ಆರಿಸಿದರು. ಎರಡರ ಬೆಲೆಯನ್ನೂ ಒಂದೊಂದು ಸೆಂಟ್ ಇಳಿಸಿದಾಗ ಸಾಧಾರಣದ್ದು ಉಚಿತವಾಯಿತು, ಶೇ. 69ರಷ್ಟು ಜನ ಅತ್ತ ತಿರುಗಿದರು. ಬೆಲೆಯ ಅಂತರ ಇದ್ದಷ್ಟೇ ಇತ್ತು. ಸೊನ್ನೆ ಕಂಡೊಡನೆ ನಮ್ಮ ಲೆಕ್ಕಾಚಾರ ನಿಂತುಬಿಡುತ್ತದೆ.

ಪಟ್ಟಿಯ ನಂತರ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಯಾಕೆ ಪುಕ್ಕಟೆ ಕೊಡುತ್ತಿದ್ದಾರೆ? ಕೊಡುವವರಿಗೆ ಅದು ಮನೆಯಿಂದ ಹೋದರೆ ಸಾಕಾಗಿರಬಹುದು. ಅದರ ಖರ್ಚನ್ನು ತೆರಿಗೆಯೋ ಸಂಸ್ಥೆಯೋ ಆಗಲೇ ಭರಿಸಿರಬಹುದು. ಇನ್ನೊಂದು ಪ್ರತಿ ಮಾಡಲು ಖರ್ಚೇ ಇಲ್ಲದ್ದರಿಂದ ಸಮುದಾಯವೊಂದು ಮಾಡಿ ಹಂಚುತ್ತಿರಬಹುದು. ಈ ಮೂರರಲ್ಲಿ ಯಾವುದಾದರೂ ಕಾರಣ ಕಂಡರೆ ಧೈರ್ಯವಾಗಿ ಮುಂದುವರಿಯುತ್ತೇನೆ. ಯಾವುದೂ ಕಾಣದಿದ್ದರೆ ಮುಂದೆ ಬಿಲ್ಲು ಬರಲಿದೆ, ಇಲ್ಲವೇ ನಮ್ಮ ಮಾಹಿತಿಯೇ ಅದರ ಬೆಲೆ ಎಂದು ತಿಳಿಯಬೇಕು.

ಪುಕ್ಕಟೆ ವಸ್ತುಗಳಲ್ಲಿ ನನ್ನ ಲೆಕ್ಕಕ್ಕೆ ಅತಿ ಹೆಚ್ಚು ಬೆಲೆಬಾಳುವುದು ಈಗ ಹಳೆಯ ಕಂಪ್ಯೂಟರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಮತ್ತು ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಹಾಗಾಗಿ ಏನೂ ಕೆಡದ ಯಂತ್ರಗಳನ್ನೂ ಕಚೇರಿಗಳು, ಮನೆಯವರು ಹೊರಗೆ ಹಾಕುತ್ತಿದ್ದಾರೆ. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದರೆ ಅವು ಬರವಣಿಗೆ, ಬ್ರೌಸಿಂಗ್, ವಿಡಿಯೊ ಕರೆ, ಮಕ್ಕಳ ಓದಿಗೆ ಇನ್ನೂ ಹಲವು ವರ್ಷ ಬಾಳುತ್ತವೆ. ಮಿಂಟ್‌ನವರು ಹೇಳುವ ಕನಿಷ್ಠ ಅಗತ್ಯ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದಿಟ್ಟು ಕೆಲಸ ಮಾಡುವವರು 4 ಜಿಬಿಗಿಂತ ಕಡಿಮೆ ಇರುವುದನ್ನು ತರಬೇಡಿ.

ಕೆಲಸದ ಕ್ರಮ ಹೀಗೆ. 8 ಜಿಬಿಯ ಪೆನ್ ಡ್ರೈವ್ ಖಾಲಿ ಮಾಡಿಕೊಳ್ಳಿ, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮಿಂಟ್‌ನ ಸ್ವಂತ ತಾಣದಿಂದ ಐಎಸ್ಒ ಕಡತ (ಇಡೀ ವ್ಯವಸ್ಥೆ ಇರುವ ಒಂದೇ ಕಡತ) ಇಳಿಸಿ, ಅದರ ಎಸ್ಎಚ್ಎ-256 ಸಂಖ್ಯೆಯನ್ನು (ಕಡತದ ಬೆರಳಚ್ಚಿನಂಥದ್ದು) ಅಲ್ಲೇ ಕೊಟ್ಟಿರುವ ಸಂಖ್ಯೆಗೆ ತಾಳೆ ನೋಡಿ. ಇಳಿಸುವಾಗ ಕಡತ ಅರೆಬರೆಯಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ಈ ಹೆಜ್ಜೆ ಬಿಟ್ಟರೆ, ಇನ್‌ಸ್ಟಾಲ್ ಅರ್ಧದಲ್ಲಿ ನಿಂತಾಗ ತಪ್ಪು ಯಂತ್ರದ್ದೋ ಕಡತದ್ದೋ ತಿಳಿಯುವುದೇ ಇಲ್ಲ. ರೂಫಸ್ ಅಥವಾ ಎಚರ್ ಎಂಬ ಉಚಿತ ತಂತ್ರಾಂಶ ಬಳಸಿ ಕಡತವನ್ನು ಪೆನ್ ಡ್ರೈವಿಗೆ ಬರೆಯಿರಿ. ಯಂತ್ರ ಶುರುವಾಗುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಒತ್ತಿ ಪೆನ್ ಡ್ರೈವಿನಿಂದಲೇ ಬೂಟ್ ಮಾಡಿ. ಏನನ್ನೂ ಇನ್‌ಸ್ಟಾಲ್ ಮಾಡದೆ ವೈ-ಫೈ, ಧ್ವನಿ, ಕ್ಯಾಮೆರಾ, ಕೀಲಿಮಣೆಯ ಪ್ರತಿ ಕೀಲಿ, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳುವುದು, ಎಲ್ಲವನ್ನೂ ಪರೀಕ್ಷಿಸಬಹುದು. ಪೆನ್ ಡ್ರೈವ್ ಜೇಬಿನಲ್ಲಿದ್ದರೆ ಈ ಪರೀಕ್ಷೆಯನ್ನು ಕೊಡುವವರ ಮನೆಯಲ್ಲೇ ಮುಗಿಸಬಹುದು.

ಎಡವುವ ಜಾಗಗಳೂ ಗೊತ್ತಿರಲಿ. ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಪಾಸ್‌ವರ್ಡ್ ಹಾಕಿದ್ದು ಕೊಡುವವರಿಗೂ ನೆನಪಿಲ್ಲದಿದ್ದರೆ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ. ಕೆಲವು ಬ್ರಾಡ್‌ಕಾಮ್ ವೈ-ಫೈ ಚಿಪ್‌ಗಳಿಗೆ ಡ್ರೈವರ್ ಬೇರೆಯಾಗಿ ಹಾಕಬೇಕು. ಅದನ್ನು ಇಳಿಸಲು ಇಂಟರ್ನೆಟ್ಟೇ ಇರುವುದಿಲ್ಲವಲ್ಲ, ಆಗ ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ ಮಾಡಿದರೆ, ಅಂದರೆ ಮೊಬೈಲಿನ ಇಂಟರ್ನೆಟ್ಟನ್ನೇ ಯಂತ್ರಕ್ಕೆ ಕೊಟ್ಟರೆ ಸಾಕು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 'ರಿಅಲೊಕೇಟೆಡ್ ಸೆಕ್ಟರ್' (ಕೆಟ್ಟು ಬದಲಿಸಿದ ಭಾಗಗಳು) ಎಂಬ ಸಾಲಿನ ಕಚ್ಚಾ ಅಂಕಿ ಸೊನ್ನೆಗಿಂತ ಹೆಚ್ಚಿದ್ದರೆ ಆ ಡಿಸ್ಕನ್ನು ನಂಬಬೇಡಿ. ಅದರ ಬದಲಿಗೆ, ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ ಚಿಕ್ಕ ಎಸ್ಎಸ್‌ಡಿ ಹಾಕಲು ಆಗುವ ಖರ್ಚು ಸೇರಿಸಿಯೂ ಲಾಭವೇ ಎಂದು ಲೆಕ್ಕ ಹಾಕಿ. ಎಸ್ಎಸ್‌ಡಿ ಹಾಕಿದ ಹಳೆಯ ಲ್ಯಾಪ್‌ಟಾಪಿನ ವೇಗ ನೋಡಿದರೆ ಸಾಮಾನ್ಯವಾಗಿ ಆ ಖರ್ಚು ಸಾರ್ಥಕ ಅನಿಸುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್ ಮಾಡಲೇಬೇಡಿ, ಚುಚ್ಚಲೂ ಬೇಡಿ. ಅದನ್ನು ಇ-ತ್ಯಾಜ್ಯ ಸಂಗ್ರಹಣೆಗೇ ಕೊಡಬೇಕು.

ಮೊಬೈಲ್ ಫೋನಿನ ಕತೆ ಬೇರೆ. 2013ರ ಐಓಎಸ್ 7ರಿಂದ ಐಫೋನಿನಲ್ಲಿ ಆಕ್ಟಿವೇಷನ್ ಲಾಕ್ ಇದೆ, ಆಂಡ್ರಾಯ್ಡ್ 5.1ರಿಂದ ಅದೇ ಬಗೆಯ ಫ್ಯಾಕ್ಟರಿ ರೀಸೆಟ್ ರಕ್ಷಣೆ ಬಂದಿದೆ. ಹಳೆಯ ಮಾಲೀಕರ ಖಾತೆ ಉಳಿದಿರುವ ಫೋನನ್ನು ರಿಕವರಿಯಿಂದ ರೀಸೆಟ್ ಮಾಡಿದರೂ ಅದು ಅದೇ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತದೆ. ಅವರು ನಿಮ್ಮೆದುರೇ ಸೆಟ್ಟಿಂಗ್ಸ್‌ಗೆ ಹೋಗಿ ಖಾತೆ ತೆಗೆದು, ಆಮೇಲೆ ರೀಸೆಟ್ ಮಾಡಿ ಕೊಡಬೇಕು.

ತಂತ್ರಾಂಶದಲ್ಲಿ ಚಂದಾ ಕಟ್ಟುವುದನ್ನು ಬಹಳಷ್ಟು ಜನ ಇಂದೇ ನಿಲ್ಲಿಸಬಹುದು. ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್, ಚಿತ್ರಕ್ಕೆ ಗಿಂಪ್, ಕ್ರಿತಾ, ವೆಕ್ಟರ್ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಧ್ವನಿಗೆ ಆಡಾಸಿಟಿ, ಪಾಸ್‌ವರ್ಡ್‌ಗಳಿಗೆ ಕೀಪಾಸ್ಎಕ್ಸ್‌ಸಿ ಇವೆ. ಇವು ಮುಕ್ತ ತಂತ್ರಾಂಶಗಳು, ಹದಿನಾಲ್ಕನೇ ದಿನ ಬೀಗ ಬೀಳುವ ಟ್ರಯಲ್‌ಗಳಲ್ಲ. ಲಿಬ್ರೆಆಫೀಸಿನಲ್ಲಿ ವರ್ಡ್ ಕಡತ ತೆರೆದಾಗ ಸಾಲುಗಳು ಜರುಗಿ ಪುಟದ ಲೆಕ್ಕ ತಪ್ಪುತ್ತದೆ ಎಂಬ ದೂರು ಕೇಳುತ್ತಲೇ ಇರುತ್ತೇನೆ. ಅದಕ್ಕೆ ಬಹಳ ಸಲ ಕಾರಣ ಫಾಂಟು. ಕ್ಯಾಲಿಬ್ರಿ ಬದಲಿಗೆ ಕಾರ್ಲಿಟೊ, ಕೇಂಬ್ರಿಯಾ ಬದಲಿಗೆ ಕ್ಯಾಲಡಿಯಾ ಹಾಕಿಕೊಳ್ಳಿ. ಅಕ್ಷರಗಳ ಅಗಲ ಒಂದೇ ಇರುವಂತೆ ರೂಪಿಸಿದ ಉಚಿತ ಫಾಂಟುಗಳಿವು. ಕಳಿಸುವಾಗ, ತಿದ್ದುವ ಅಗತ್ಯ ಇಲ್ಲದ್ದನ್ನು ಪಿಡಿಎಫ್ ಮಾಡಿ ಕಳಿಸಿ.

ಯಾವುದನ್ನೇ ಇಳಿಸುವುದಿದ್ದರೂ ಆ ತಂತ್ರಾಂಶದ ಸ್ವಂತ ತಾಣಕ್ಕೇ ಹೋಗಿ. ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿಗಳಲ್ಲಿ ಬೇಡದ ಟೂಲ್‌ಬಾರ್, ಕೆಲವೊಮ್ಮೆ ಮಾಲ್‌ವೇರ್ ಸೇರಿಕೊಂಡಿರುತ್ತದೆ. ಪಿಡಿಎಫ್ ಜೋಡಿಸಿಕೊಡುವ 'ಉಚಿತ' ಆನ್‌ಲೈನ್ ಸೇವೆಗಳಿಗೆ ಗುರುತಿನ ಚೀಟಿ, ಬ್ಯಾಂಕ್ ಹೇಳಿಕೆ, ವೈದ್ಯಕೀಯ ವರದಿ ಏರಿಸಬೇಡಿ. ಪಿಡಿಎಫ್‌ಸ್ಯಾಮ್ ಬೇಸಿಕ್ ನಿಮ್ಮ ಯಂತ್ರದಲ್ಲೇ ಆ ಕೆಲಸ ಮಾಡುತ್ತದೆ. ನಮ್ಮ ಇಂಟರ್ನೆಟ್ ಸಂಚಾರವನ್ನೆಲ್ಲ ತಮ್ಮ ಸರ್ವರಿನ ಮೂಲಕ ಕಳಿಸುವ ಉಚಿತ ವಿಪಿಎನ್ ವಿಷಯದಲ್ಲಂತೂ, ಸರ್ವರುಗಳ ಖರ್ಚನ್ನು ಯಾರು ಕೊಡುತ್ತಿದ್ದಾರೆ ಎಂದು ಸ್ಪಷ್ಟವಾಗದೆ ಬಳಸಲೇಬಾರದು.

ಆನ್‌ಲೈನ್ ಸಂಗ್ರಹಕ್ಕೂ ಒಂದು ಎಚ್ಚರ ಬೇಕು. ಗೂಗಲ್ ಫೋಟೋಸ್ 'ಹೈ ಕ್ವಾಲಿಟಿ' ಚಿತ್ರಗಳನ್ನು ಮಿತಿಯಿಲ್ಲದೆ ಇಟ್ಟುಕೊಳ್ಳುತ್ತಿತ್ತು. 2021ರ ಜೂನ್ 1ರಿಂದ ಹೊಸ ಚಿತ್ರಗಳೆಲ್ಲ 15 ಜಿಬಿ ಲೆಕ್ಕಕ್ಕೆ ಸೇರಿದವು. ಹಾಗಾಗಿ ಯಾವ ಉಚಿತ ಸೇವೆಗಾದರೂ ಮಾಹಿತಿ ತುಂಬುವ ಮೊದಲು ಹೊರಬರುವ ಬಾಗಿಲು ಎಲ್ಲಿದೆ ನೋಡಿ: ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಲು ಬರುತ್ತದೆಯೇ, ಯಾವ ರೂಪದಲ್ಲಿ? ಗೂಗಲಿನಲ್ಲಿ ಅದಕ್ಕೆ ಟೇಕ್‌ಔಟ್ ಎಂಬ ಸೌಲಭ್ಯ ಇದೆ. ಹತ್ತು ಕಡತ ಹಾಕಿ, ಮತ್ತೆ ತೆಗೆದು ನೋಡಿದ ಮೇಲೆ ಉಳಿದದ್ದನ್ನು ಹಾಕುವುದು ನನ್ನ ಪದ್ಧತಿ.

ಇನ್ನು ಪೀಠೋಪಕರಣ, ಪಾತ್ರೆ, ಬಟ್ಟೆ, ಪುಸ್ತಕ. 2003ರಲ್ಲಿ ಅಮೆರಿಕದ ಟೂಸಾನ್‌ನಲ್ಲಿ ಶುರುವಾದ ಫ್ರೀಸೈಕಲ್, 2013ರಲ್ಲಿ ಹುಟ್ಟಿದ ಬೈ ನಥಿಂಗ್ ಮಾದರಿಯ, ಬೇಡದ ವಸ್ತುವನ್ನು ಸುತ್ತಲಿನವರಿಗೆ ಪುಕ್ಕಟೆ ಕೊಡುವ ಗುಂಪುಗಳು ಈಗ ಅನೇಕ ದೇಶಗಳಲ್ಲಿವೆ. ಇಲ್ಲದ ಕಡೆ ವಸತಿ ಸಮುಚ್ಚಯದ ಗುಂಪು, ಕಾಲೇಜಿನ ಫಲಕವೇ ಸಾಕು. ಇತರರು ಹಾಕುವುದನ್ನೇ ಕಾಯುತ್ತ ಕೂರುವುದಕ್ಕಿಂತ 'ಬೇಕಾಗಿದೆ' ಎಂದು ಬರೆಯುವುದು ಹೆಚ್ಚು ಫಲ ಕೊಡುತ್ತದೆ. 'ಮೇಜು ಬೇಕು' ಎಂದರೆ ಯಾರೂ ಏಳುವುದಿಲ್ಲ. '90 ಸೆಂ.ಮೀ. ಮೀರದ ಓದುವ ಮೇಜು, ಗೀರು ಬಿದ್ದಿದ್ದರೂ ಪರವಾಗಿಲ್ಲ, ಶನಿವಾರ ಬೆಳಿಗ್ಗೆ ನಾನೇ ಬಂದು ಒಯ್ಯುತ್ತೇನೆ' ಎಂದು ಬರೆದರೆ, ಯಾರದೋ ಮೂಲೆಯಲ್ಲಿ ಬಿದ್ದದ್ದು ಅವರಿಗೇ ನೆನಪಾಗುತ್ತದೆ. ತಿಂಗಳ ಕೊನೆ, ಶೈಕ್ಷಣಿಕ ವರ್ಷದ ಕೊನೆ ಜನ ಮನೆ ಬದಲಿಸುವ ಕಾಲ, ಆಗ ಕಣ್ಣಿಡಿ. ಹೇಳಿದ ಹೊತ್ತಿಗೆ ಹೋಗುವವರಿಗೆ ಮುಂದಿನ ಸಲ ಕರೆದು ಕೊಡುತ್ತಾರೆ. ಹೋಗಲಾಗದಿದ್ದರೆ ಮೊದಲೇ ತಿಳಿಸುವುದು ಕನಿಷ್ಠ ಮರ್ಯಾದೆ.

ಹೊರಡುವ ಮೊದಲು ಅಳತೆ, ಮಾಡೆಲ್ ಸಂಖ್ಯೆಯ ಚೀಟಿಯ ಫೋಟೊ, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಯಾಕೆ ಕೊಡುತ್ತಿದ್ದೀರಿ, ಇಷ್ಟನ್ನು ಕೇಳಿ. ಸಾಗಣೆ, ರಿಪೇರಿ, ಬಿಡಿಭಾಗದ ಖರ್ಚು ಕೂಡಿಸಿದಾಗ ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ನಾನು ಹೋಗುವುದಿಲ್ಲ. ಟಾರ್ಚ್, ಅಳತೆ ಟೇಪು, ಸ್ಕ್ರೂಡ್ರೈವರ್, ಹಗ್ಗ ಜೊತೆಗಿರಲಿ. ಸೋಫಾ ಆದರೆ ಅದರ ಎತ್ತರ ಮತ್ತು ಆಳವನ್ನು ನಿಮ್ಮ ಬಾಗಿಲಿನ ಅಗಲಕ್ಕೆ ಮಾತ್ರವಲ್ಲ, ಮೆಟ್ಟಿಲಿನ ತಿರುವಿಗೂ ಹೋಲಿಸಿ.

ಬಟ್ಟೆ ಹೊದಿಸಿದ ಯಾವುದರಲ್ಲೂ ತಿಗಣೆಯೇ ದೊಡ್ಡ ಅಪಾಯ. ಹೊಲಿಗೆಯ ಗೆರೆ, ದಿಂಬಿನ ಅಡಿ, ಮರದ ಜೋಡಣೆಯ ಸಂದುಗಳಲ್ಲಿ ಟಾರ್ಚ್ ಹಾಕಿ ನೋಡಿ. ಶಾಯಿ ತೊಟ್ಟಿಕ್ಕಿದಂಥ ಕಪ್ಪು ಚುಕ್ಕಿಗಳು, ಕಳಚಿದ ತಿಳಿಗಂದು ಪೊರೆ ಕಂಡರೆ ಮುಟ್ಟಬೇಡಿ. ಬಿಸಿಲಿಗೆ ಒಂದು ವಾರ ಇಟ್ಟರೆ ಹೋಗುತ್ತದೆ ಎಂಬುದು ತಪ್ಪು. ತಿಗಣೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ, ಬಿಸಿಲು ಒಳಗಿನ ಸಂದಿಗೆ ಇಳಿಯುವುದಿಲ್ಲ. ಹಾಸಿಗೆಯನ್ನಂತೂ ತರಲೇಬೇಡಿ. ಬಟ್ಟೆಗಳನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯಿರಿ, ಅಥವಾ ಡ್ರೈಯರಿನ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿ. ಪುಸ್ತಕಗಳನ್ನು ಬಿಗಿಯಾದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಗೆ ಇಳಿಯುವ ಫ್ರೀಜರಿನಲ್ಲಿ ನಾಲ್ಕು ದಿನ ಇಡಬಹುದು.

ಮರದಲ್ಲಿ ಸಣ್ಣ ತೂತುಗಳ ಕೆಳಗೆ ಹೊಸ ಪುಡಿ ಉದುರಿದ್ದರೆ ಹುಳ ಒಳಗಿನ್ನೂ ಜೀವಂತವಾಗಿದೆ ಎಂದರ್ಥ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಮತ್ತೆ ಸರಿಹೋಗುವುದಿಲ್ಲ. ಸ್ಕ್ರೂ ಸಡಿಲವಾಗಿರುವುದು ಮಾತ್ರ ದೋಷವೇ ಅಲ್ಲ. ತೂತಿಗೆ ಮರದ ಅಂಟು ಹಚ್ಚಿದ ಬೆಂಕಿಕಡ್ಡಿ ತುಂಬಿ, ಒಣಗಿದ ಮೇಲೆ ಸ್ಕ್ರೂ ತಿರುಗಿಸಿದರೆ ಗಟ್ಟಿಯಾಗಿ ಕೂರುತ್ತದೆ.

ಹಳೆಯ ಫ್ರಿಜ್ಜಿನ ಬೆಲೆ ವಿದ್ಯುತ್ ಬಿಲ್ಲಿನಲ್ಲಿದೆ. ಪ್ಲಗ್ಗಿಗೆ ಹಾಕುವ ಮೀಟರಿನಲ್ಲಿ 24 ಗಂಟೆ ಅಳೆದು 365ರಿಂದ ಗುಣಿಸಿ, ಹೊಸದರ ಚೀಟಿಯಲ್ಲಿರುವ ವಾರ್ಷಿಕ ಯೂನಿಟ್ಟಿಗೆ ಹೋಲಿಸಿ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದಾಗ ಸುಲಭವಾಗಿ ಜಾರಿಬಂದರೆ ಬಾಗಿಲಂಚಿನ ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ಹೋಗಿದೆ. ಮಲಗಿಸಿ ತಂದಿದ್ದರೆ ಒಂದು ದಿನ ನೇರ ನಿಲ್ಲಿಸಿ, ಎಣ್ಣೆ ಕಂಪ್ರೆಸರಿಗೆ ಮರಳಿದ ಮೇಲೆ ಸ್ವಿಚ್ ಹಾಕಿ. ಹೆಲ್ಮೆಟ್, ಮಕ್ಕಳ ಕಾರ್ ಸೀಟು, ಅನಿಲದ ಹೀಟರು, ಇವನ್ನು ಹಿನ್ನೆಲೆ ಗೊತ್ತಿಲ್ಲದವರಿಂದ ತೆಗೆದುಕೊಳ್ಳಬೇಡಿ. ಹೆಲ್ಮೆಟ್ಟಿನ ಒಳಗಿನ ಫೋಮ್ ಒಂದೇ ಪೆಟ್ಟಿಗೆ ಕುಗ್ಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಓದು ಮತ್ತು ಕಲಿಕೆಗೆ ದುಡ್ಡು ಕೊಡುವ ಮುನ್ನ ಗ್ರಂಥಾಲಯದ ಸಿಬ್ಬಂದಿಯನ್ನು ಕೇಳಿ. ಸದಸ್ಯರಿಗೆ ಪತ್ರಿಕೆಗಳ ಡಿಜಿಟಲ್ ಚಂದಾ, ಬೇರೆ ಗ್ರಂಥಾಲಯದಿಂದ ಪುಸ್ತಕ ತರಿಸುವ ಸೌಲಭ್ಯ, ಕೆಲವು ಕಡೆ ಉಪಕರಣಗಳೂ ಸಿಗುತ್ತವೆ. ಅವು ಇವೆ ಎಂಬುದೇ ಬಹಳ ಸದಸ್ಯರಿಗೆ ತಿಳಿದಿರುವುದಿಲ್ಲ. 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟನ್‌ಬರ್ಗ್‌ನಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳಿವೆ, ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿಮುದ್ರಿಕೆಗಳಿವೆ. ಎಂಐಟಿ ತನ್ನ ಪಾಠಗಳನ್ನು ಓಪನ್ ಕೋರ್ಸ್‌ವೇರ್ ತಾಣದಲ್ಲಿ ಇಟ್ಟಿದೆ, ಪ್ರಮಾಣಪತ್ರ ಸಿಗದು, ಕಲಿಕೆ ಪೂರ್ತಿ ಸಿಗುತ್ತದೆ. ಸಂಶೋಧನಾ ಲೇಖನಕ್ಕೆ ಪ್ರಕಾಶಕರು ದುಡ್ಡು ಕೇಳಿದರೆ ಅನ್‌ಪೇವಾಲ್, ಆರ್ಕೈವ್ (arXiv), ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಅದರ ಉಚಿತ ಪ್ರತಿ ಇದೆಯೇ ನೋಡಿ. ಅಲ್ಲೂ ಇಲ್ಲದಿದ್ದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ, ಅನೇಕರು ಸಂತೋಷದಿಂದ ಕಳಿಸುತ್ತಾರೆ.

ಸೇವೆಗಳಲ್ಲಿ ನನಗೆ ಅಚ್ಚುಮೆಚ್ಚು ರಿಪೇರಿ ಕೆಫೆ, ಅಂದರೆ ಕೆಟ್ಟ ವಸ್ತುಗಳನ್ನು ಸ್ವಯಂಸೇವಕರು ಪುಕ್ಕಟೆ ಸರಿಮಾಡಲು ನೆರವಾಗುವ ಕೂಟ. ಮಾರ್ಟೀನ್ ಪೋಸ್ಟ್ಮಾ 2009ರ ಅಕ್ಟೋಬರ್ 18ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲನೆಯದನ್ನು ನಡೆಸಿದರು. ವಸ್ತುವನ್ನು ಒರೆಸಿ, ಚಾರ್ಜರ್, ಕಳಚಿಬಿದ್ದ ಸ್ಕ್ರೂ ಎಲ್ಲ ಒಯ್ಯಿರಿ. ತೊಂದರೆ ಯಾವಾಗ ಬರುತ್ತದೆ ಎಂದು ಬರೆದಿಟ್ಟುಕೊಂಡು ಹೋದರೆ ಸ್ವಯಂಸೇವಕರ ಅರ್ಧ ಸಮಯ ಉಳಿಯುತ್ತದೆ. ದುಡ್ಡು ಕೊಟ್ಟು ರಿಪೇರಿ ಮಾಡಿಸುವ ಮುನ್ನ ವಾರಂಟಿ ಉಳಿದಿದೆಯೇ, ಕಂಪನಿ ಆ ಮಾಡೆಲನ್ನು ಸುರಕ್ಷತೆಗಾಗಿ ಹಿಂದಕ್ಕೆ ಕರೆದಿದೆಯೇ ಎಂದು ನೋಡಿ. ಹಲ್ಲಿನ ಚಿಕಿತ್ಸೆಗೆ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಶುಲ್ಕ ಬಹಳ ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ. ವಿದ್ಯಾರ್ಥಿಗಳು ಮಾಡುತ್ತಾರೆ, ಹಂತ ಹಂತಕ್ಕೂ ಪ್ರಾಧ್ಯಾಪಕರು ನೋಡುತ್ತಾರೆ, ಹಾಗಾಗಿ ಸಮಯ ಹೆಚ್ಚು ಹಿಡಿಯುತ್ತದೆ. ತುರ್ತು ನೋವಿಗೆ ಇದು ದಾರಿಯಲ್ಲ.

'ವಸ್ತು ಪುಕ್ಕಟೆ, ಕೊರಿಯರ್ ಖರ್ಚು ಮಾತ್ರ ಕಳಿಸಿ' ಎಂದವರಿಗೆ ಏನನ್ನೂ ಕಳಿಸಬೇಡಿ. ಒಟಿಪಿ ಕೇಳಿದರೆ ಮಾತು ಅಲ್ಲಿಗೇ ಮುಗಿಯಿತು.

ಕಾರ್ಡ್ ಸಂಖ್ಯೆ ಕೇಳುವ ಉಚಿತ ಟ್ರಯಲ್‌ಗಳಿಗೆ ಸೇರಿದ ದಿನವೇ ರದ್ದತಿಯ ಪುಟ ತೆರೆಯಿರಿ. ರದ್ದು ಮಾಡಿದರೂ ಅವಧಿ ಮುಗಿಯುವವರೆಗೆ ಸೇವೆ ಇರುತ್ತದೆ ಎಂದು ಬರೆದಿದ್ದರೆ ಆಗಲೇ ರದ್ದು ಮಾಡಿ, ತಕ್ಷಣ ನಿಲ್ಲುವಂಥದ್ದಾದರೆ ಕೊನೆಯ ದಿನಕ್ಕೆ ಮೂರು ದಿನ ಮೊದಲು ಮೊಬೈಲಿನಲ್ಲಿ ಜ್ಞಾಪನೆ ಇಡಿ. ಆಪಲ್‌ನಲ್ಲಿ ಕನಿಷ್ಠ 24 ಗಂಟೆ ಮುಂಚೆ ರದ್ದು ಮಾಡಿರಬೇಕು. ಜಿಮೇಲ್ ಇದ್ದರೆ ವಿಳಾಸದಲ್ಲಿ ನಿಮ್ಮ ಹೆಸರಾದ ಮೇಲೆ, @ ಚಿಹ್ನೆಗೆ ಮೊದಲು, ಕೂಡಿಸುವ ಚಿಹ್ನೆ (+) ಹಾಕಿ ಆ ಸೇವೆಯ ಹೆಸರು ಸೇರಿಸಿ ನೋಂದಾಯಿಸಿ. ಟಪಾಲು ನಿಮ್ಮ ಪೆಟ್ಟಿಗೆಗೇ ಬರುತ್ತದೆ, ಮುಂದೆ ಜಾಹೀರಾತು ಬಂದರೆ ವಿಳಾಸ ಯಾರಿಂದ ಸೋರಿತು ಎಂದು ತಿಳಿಯುತ್ತದೆ. ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಆ್ಯಪ್ ಸ್ಟೋರಿನ ಅಥವಾ ಪ್ಲೇ ಸ್ಟೋರಿನ ಚಂದಾ ಪಟ್ಟಿಗೆ ಹೋಗಿ ಅಲ್ಲಿ ರದ್ದು ಮಾಡಿ, ಬಂದ ದೃಢೀಕರಣದ ಸ್ಕ್ರೀನ್‌ಶಾಟ್ ಮುಂದಿನ ಕಾರ್ಡ್ ಬಿಲ್ಲು ಬರುವವರೆಗೆ ಇಟ್ಟುಕೊಳ್ಳಿ.