ಕಾಟರಿ ಪೆನ್ಸಿಲ್ ಮಾಡ್ತೀರಾ? ಗುಂಡಿಯ ಬಗ್ಗೆ ತಲೆ ಕೆಡಿಸಿಕೊಳ್ಳಿ

ಆಪರೇಷನ್ ಥಿಯೇಟರಿನಲ್ಲಿ ಕರೆಂಟಿನಿಂದ ಕೊಯ್ಯಲು, ರಕ್ತ ನಿಲ್ಲಿಸಲು ಬಳಸುವ ಕಾಟರಿ ಪೆನ್ಸಿಲ್ ಅಂದರೆ ಬಯೋಮೆಡಿಕಲ್ ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಪ್ರಾಜೆಕ್ಟ್ ತೋರಿಸುವವರೆಲ್ಲ ತುದಿಯ ಬ್ಲೇಡಿನ ಬಗ್ಗೆಯೇ ಮಾತಾಡುತ್ತಾರೆ. ಆದರೆ ಪೆನ್ಸಿಲ್ ಕೈಕೊಡುವುದು ಗುಂಡಿಯಲ್ಲಿ.

1. ಬ್ಲೇಡ್ ಮಾಡಲು ಹೋಗಬೇಡಿ, ಕೊಳ್ಳಿ. ಅದರ ಕಡ್ಡಿ ಸಾಮಾನ್ಯವಾಗಿ 2.4 ಮಿ.ಮೀ. ದಪ್ಪ. ಬುಡದ ಪ್ಲಾಸ್ಟಿಕ್ ಹೊದಿಕೆ ಹಿಡಿಕೆಯೊಳಗೆ ಪೂರ್ತಿ ಕೂರಬೇಕು, ಅಷ್ಟೇ.

2. ಹಿಡಿಕೆಯನ್ನು ಒದ್ದೆ ಗ್ಲೌಸ್ ಹಾಕಿಕೊಂಡು ಹಿಡಿದು ನೋಡಿ. 3ಡಿ ಪ್ರಿಂಟರಿನ ಪಿಎಲ್‌ಎ ಪ್ಲಾಸ್ಟಿಕ್ ಹಿಡಿಕೆ ಅಳತೆ ನೋಡಲಿಕ್ಕೆ ಮಾತ್ರ. ಅದು 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಪದರಗಳ ಸಂದಿಯಲ್ಲಿ ನೀರೂ ಇಳಿಯುತ್ತದೆ.

3. ಈಗ ಗುಂಡಿ. ಹಳದಿ ಕೊಯ್ಯಲು, ನೀಲಿ ರಕ್ತ ಹೆಪ್ಪುಗಟ್ಟಿಸಲು. ಹಳದಿಯೇ ಬ್ಲೇಡಿಗೆ ಹತ್ತಿರ ಇರಬೇಕು. ‘ಚೆನ್ನಾಗಿ ಕಾಣುತ್ತೆ’ ಅಂತ ಅದಲುಬದಲು ಮಾಡಿದವರನ್ನು ನೋಡಿದ್ದೇನೆ. ಸರ್ಜನ್ ಗುಂಡಿ ನೋಡಿ ಒತ್ತುವುದಿಲ್ಲ, ಅವರ ಕಣ್ಣೆಲ್ಲ ಗಾಯದ ಮೇಲಿರುತ್ತದೆ. ಹಾಗಾಗಿ ಎರಡರ ನಡುವೆ ಬೆರಳಿಗೆ ತಾಗುವ ಒಂದು ಏಣು ಕೊಡಿ. ಒತ್ತಿದಾಗ ‘ಟಕ್’ ಅನ್ನಲು ಒಳಗೆ ಲೋಹದ ಪುಟ್ಟ ಡೋಮ್ (ಗುಮ್ಮಟದಂಥ ಬಿಲ್ಲೆ) ಇರಲಿ.

ನಿಜವಾದ ಶತ್ರು ಸಲೈನ್, ಅಂದರೆ ಗಾಯ ತೊಳೆಯುವ ಉಪ್ಪುನೀರು. ಅದು ಗುಂಡಿಯ ಸುತ್ತಲಿನ ಸಂದಿಯಿಂದ ಇಳಿದು ಸ್ವಿಚ್ಚಿನ ಎರಡೂ ತುದಿ ಮುಟ್ಟುತ್ತದೆ. ಉಪ್ಪುನೀರಲ್ಲಿ ಕರೆಂಟ್ ಹರಿಯುತ್ತದೆ ಅಲ್ವಾ? ಗುಂಡಿ ಒತ್ತಿದರೆಂದೇ ಪೆನ್ಸಿಲ್‌ಗೆ ಕರೆಂಟ್ ಕೊಡುವ ಮೆಷಿನ್ ತಿಳಿಯುತ್ತದೆ. ರೋಗಿಯ ಮೇಲೆ ಸುಮ್ನೆ ಇಟ್ಟಿದ್ದ ಪೆನ್ಸಿಲ್ ತಾನಾಗಿ ಆನ್ ಆಗಿ ಚರ್ಮ ಸುಡಬಹುದು. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಆರಿಲ್ಲದಿದ್ದರೆ ಬೆಂಕಿಯೂ ಹತ್ತಬಹುದು.

ಗುಂಡಿಗೊಂದು ರಬ್ಬರ್ ಟೋಪಿ ಹಾಕಿದರೆ ಸಾಲದು. ಎರಡೂ ಗುಂಡಿ, ಕೆಳಗಿನ ಸರ್ಕ್ಯೂಟ್ ಬೋರ್ಡ್ ಎಲ್ಲ ಮುಚ್ಚುವಂತೆ ಒಂದೇ ಸಿಲಿಕೋನ್ ರಬ್ಬರ್ ಹಾಳೆ ಬಳಸಿ. ಅದರ ಅಂಚು ಹಿಡಿಕೆಯ ಎರಡು ಹೋಳುಗಳ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳಲಿ. ಸಂದಿಗೆ ಇನ್‌ಸ್ಟಂಟ್ ಗಮ್ ಬಳಿಯುವ ಉಪಾಯ ಬೇಡವೇ ಬೇಡ. ಗುಂಡಿ ಒತ್ತಿ ಒತ್ತಿ ಅದು ಬಿರಿಯುತ್ತದೆ, ಒಳಗೆ ಹರಿದರೆ ಗುಂಡಿಯೇ ಅಂಟಿಕೊಂಡು ಮೇಲೇಳುವುದಿಲ್ಲ. ಅಗ್ಗದ ಪೆನ್ಸಿಲ್‌ಗಳಲ್ಲೂ ಇದೇ ಕಾಯಿಲೆ.

4. ವೈರ್ ಮೆದುವಾಗಿರಲಿ, ಸುಮಾರು 3 ಮೀಟರ್. ನೀಲಿ ಗುಂಡಿ ಒತ್ತಿದಾಗ ಸಾವಿರಾರು ವೋಲ್ಟ್ ಬರುತ್ತದೆ. ಮಾಮೂಲಿ ವೈರ್ ತಡೆಯುವುದಿಲ್ಲ.

5. ಮೆಷಿನ್‌ಗೆ ಸಿಕ್ಕಿಸುವ ಮುಂಚೆ ನೀರಿನ ಪರೀಕ್ಷೆ. ಇಂಥ ಉಪಕರಣಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-2-2 ಕೂಡ ಇದನ್ನು ಕೇಳುತ್ತದೆ. ಗುಂಡಿ ಮೇಲೆ ಬರುವಂತೆ ಪೆನ್ಸಿಲ್ ಅಡ್ಡ ಹಿಡಿದು, ಉದ್ದಕ್ಕೂ 0.9% ಸಲೈನ್ ಸುರಿಯಿರಿ. ಎರಡೂ ಗುಂಡಿಗಳನ್ನು ಹಲವು ಸಲ ಒತ್ತಿ ಬಿಡಿ. ಪ್ರತಿ ಸಲ ಬಿಟ್ಟಾಗಲೂ ಮಲ್ಟಿಮೀಟರಿನಲ್ಲಿ ಸ್ವಿಚ್ ಆಫ್ ಆದದ್ದು ಕಾಣಬೇಕು. ಒಂದು ಸಲ ತಪ್ಪಿದರೂ ಹಿಡಿಕೆ ಬಿಚ್ಚಿ, ಸಿಲಿಕೋನ್ ಅಂಚಿನಲ್ಲಿ ಎಲ್ಲಿ ಒದ್ದೆಯಾಗಿದೆ ನೋಡಿ.